ನಿಂತ ಟ್ಯಾಬಿಗೆ ಕಂಪ್ಯೂಟರಿನಿಂದ ಮರುಜೀವ

ಟ್ಯಾಬ್ ಕೆಟ್ಟಿತು ಅಂದರೆ ಅದರಲ್ಲಿ ಎರಡು ಬಗೆ. ಒಂದು ಮೈ ಕೆಟ್ಟದ್ದು. ಗಾಜು ಒಡೆದಿರುತ್ತೆ, ಬ್ಯಾಟರಿ ಉಬ್ಬಿರುತ್ತೆ, ನೀರು ಹೊಕ್ಕಿರುತ್ತೆ. ಇನ್ನೊಂದು, ಮೈ ಗಟ್ಟಿಯಾಗಿಯೇ ಇದ್ದು ಬುದ್ಧಿ ಮಾತ್ರ ತಪ್ಪಿದ್ದು. ಬಟನ್ ಒತ್ತಿದರೆ ಕಂಪನಿ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ದಿನವಿಡೀ ಇಟ್ಟರೂ ಅಷ್ಟೇ, ಮುಂದಕ್ಕೆ ಹೋಗೋದಿಲ್ಲ. ಮೊದಲನೆಯದಕ್ಕೆ ರಿಪೇರಿಯವರೇ ಬೇಕು. ಎರಡನೆಯದಕ್ಕೆ ಒಂದು ಕಂಪ್ಯೂಟರು, ಒಂದು ಒಳ್ಳೆಯ ಕೇಬಲ್ಲು ಮತ್ತು ತಾಳ್ಮೆ ಇದ್ದರೆ ಮನೆಯಲ್ಲೇ ಮದ್ದು ಮಾಡಬಹುದು. ಮಾಡಿ ನೋಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕೃಷಿ ಪತ್ರಿಕೆಯಲ್ಲಿ ಟ್ಯಾಬಿನ ಮಾತು ಯಾಕೆ ಅಂತ ಕೆಲವರು ಕೇಳಬಹುದು. ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿದ ಬೇಸಾಯ. ಶೇಂಗಾ ಮುಖ್ಯ ಬೆಳೆ, ಜೊತೆಗೆ ನವಣೆ, ಸಾವೆ, ತೊಗರಿ. ಊರಿನ ಮೂವತ್ತೊಂದು ಮನೆಯವರು ಸೇರಿ ನಾಟಿ ಬೀಜದ ಕೊಡು-ಕೊಳ್ಳು ನಡೆಸುತ್ತೇವೆ. ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಒಂದೂವರೆ ಸೇರು ತಂದು ಹಾಕಬೇಕು. ಯಾರ ಮನೆಗೆ ಯಾವ ಬೀಜ ಎಷ್ಟು ಹೋಯಿತು, ಯಾವ ಹೊಲದ ಬೆಳೆಯಿಂದ ತೆನೆ ಆರಿಸಿದ್ದು, ಆ ವರ್ಷ ಮಳೆ ಹೇಗಿತ್ತು, ಇದೆಲ್ಲ ಪುಸ್ತಕದಲ್ಲಿ ಇತ್ತು. ಮೊದಲ ಎರಡು ವರ್ಷದ ಪುಸ್ತಕವನ್ನು ಗೆದ್ದಲು ತಿಂದು ಹಾಕಿತು. ಪುಣ್ಯಕ್ಕೆ ನನ್ನ ತಮ್ಮನ ಮಗಳು ಅದರ ಒಂದೊಂದು ಪುಟದ ಫೋಟೋ ತೆಗೆದು ಟ್ಯಾಬಿನಲ್ಲಿ ಇಟ್ಟಿದ್ದಳು. ಅಂದಮೇಲೆ ಆ ಟ್ಯಾಬು ನಮಗೆ ಆಟದ ಸಾಮಾನಲ್ಲ.

2024ರ ಮೇ ತಿಂಗಳಲ್ಲಿ, ಇನ್ನೇನು ಬೀಜ ಹಂಚಬೇಕು ಅನ್ನೋ ಹೊತ್ತಿಗೆ ಅದು ನಿಂತಿತು. ಬಹುದಿನದಿಂದ ಕೇಳುತ್ತಿದ್ದ ಅಪ್‌ಡೇಟು ರಾತ್ರಿ ತಾನಾಗಿ ಶುರುವಾಗಿತ್ತು. ಪರದೆ ಮೇಲೆ ಬ್ಯಾಟರಿ ನಲವತ್ತು ಪಾಲು ಇದೆ ಅಂತ ತೋರಿಸುತ್ತಿತ್ತಂತೆ. ನಾಲ್ಕು ವರ್ಷ ದುಡಿದ ಬ್ಯಾಟರಿ ತೋರಿಸೋದೊಂದು, ಇರೋದೊಂದು. ಅರ್ಧ ಬರೆಯುತ್ತಿರುವಾಗ ಉಸಿರು ನಿಂತಿತು. ಬೆಳಗ್ಗೆ ಚಾರ್ಜು ಹಾಕಿ ಎಬ್ಬಿಸಿದರೆ ಬರೀ ಹೆಸರು ತೋರಿಸೋದು, ಆರೋದು.

ಪೇಟೆಯ ಒಂದು ಅಂಗಡಿಗೆ ಒಯ್ದೆವು. ಅವರು ಎರಡು ನಿಮಿಷ ನೋಡಿ, "ಸಾಫ್ಟ್‌ವೇರ್ ಹೊಡೀಬೇಕು, ಒಳಗಿದ್ದದ್ದೆಲ್ಲ ಹೋಗುತ್ತೆ" ಅಂದರು. ಫೋಟೋ ಉಳಿಸಿಕೊಡಿ ಅಂದರೆ, "ಅದು ಆಗಲ್ಲ ಬಿಡಿ ಯಜಮಾನ್ರೇ" ಅಂದರು. ಕೊಡದೆ ವಾಪಸ್ ತಂದೆವು. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ. ಸಾಫ್ಟ್‌ವೇರ್ ಹೊಡೆಯಬೇಕು ಅನ್ನೋದು ಸರಿ. ಎಲ್ಲ ಹೋಗಲೇಬೇಕು ಅನ್ನೋದು ಸರಿಯಲ್ಲ. ಹೋಗೋದೂ ಉಳಿಯೋದೂ ಒಂದು ಫೈಲಿನ ಆಯ್ಕೆಯಲ್ಲಿದೆ.

ಒಳಗೆ ಏನಿದೆ?

ಟ್ಯಾಬಿನೊಳಗೆ ನೆನಪಿನ ಚಿಪ್ಪು ಇರುತ್ತೆ. ಆ ಚಿಪ್ಪನ್ನು ಹಳೆಯ ಕಾಲದ ನಮ್ಮ ಮನೆಯ ಹಾಗೆ ಅಂಕಣ ಅಂಕಣವಾಗಿ ಭಾಗ ಮಾಡಿರುತ್ತಾರೆ. ಫರ್ಮ್‌ವೇರ್ ಅಂದರೆ ಆ ಯಂತ್ರಕ್ಕೆ ಕಂಪನಿಯವರು ಬರೆದಿಟ್ಟ ಮೂಲಪಾಠ. ತಾನು ಯಾರು, ಎದ್ದ ಕೂಡಲೇ ಮೊದಲು ಏನು ಮಾಡಬೇಕು, ಪರದೆಗೆ ಏನು ಕಳಿಸಬೇಕು, ಇದೆಲ್ಲ ಅದರಲ್ಲಿ ಇರುತ್ತೆ.

ಮೊದಲನೆಯದು ತಲೆಬಾಗಿಲು. ಬೂಟ್‌ಲೋಡರ್ ಅನ್ನುತ್ತಾರೆ. ಒಳಗೆ ಬರುವವರು ನಮ್ಮವರೋ ಹೊರಗಿನವರೋ ಅಂತ ಸಹಿ ನೋಡಿ ಬಿಡುವುದು ಇದರ ಕೆಲಸ. ಎರಡನೆಯದು ನಡುಮನೆ, ಅಡಿಗೆಮನೆ ಎಲ್ಲ ಸೇರಿದ ದೊಡ್ಡ ಭಾಗ. ಆಂಡ್ರಾಯ್ಡ್ ಇರೋದು ಇಲ್ಲಿ. ಮೂರನೆಯದು ಸಿಮ್ ಹಾಕಿದಾಗ ಟವರಿನ ಜೊತೆ ಮಾತಾಡುವ ಭಾಗ. ನಾಲ್ಕನೆಯದು ದೇಶ, ಭಾಷೆ, ಸಿಮ್ ಕಂಪನಿಗೆ ತಕ್ಕ ಏರ್ಪಾಟು, ಅಂದರೆ ಆಯಾ ಸೀಮೆಯ ಪದ್ಧತಿ. ಇವೆಲ್ಲಕ್ಕಿಂತ ಬೇರೆಯಾಗಿ ಇನ್ನೊಂದು ಭಾಗ ಇದೆ. ನಾವು ತೆಗೆದ ಫೋಟೋ, ಬರೆದ ಲೆಕ್ಕ, ವಾಟ್ಸಾಪ್ ಮಾತು ಎಲ್ಲ ಅಲ್ಲಿರುತ್ತೆ. ನನ್ನ ಲೆಕ್ಕದಲ್ಲಿ ಅದು ಹಗೇವು. ಮನೆ ಬಿದ್ದರೂ ನೆಲದೊಳಗಿನ ಹಗೇವಿನ ಜೋಳ ಅಲ್ಲೇ ಇರುತ್ತೆ. ಮನೆ ಕಟ್ಟೋ ಗೌಂಡಿ ಹಗೇವಿಗೆ ಗುದ್ದಲಿ ಹಾಕದಿದ್ದರೆ ಆಯಿತು.

ಇನ್ನೊಂದು ವಿಷಯ. ಈಗಿನ ಟ್ಯಾಬುಗಳ ಹಗೇವಿಗೆ ಬೀಗ ಇದೆ. ಬರೆದದ್ದೆಲ್ಲ ಗುಪ್ತಲಿಪಿಯಲ್ಲಿ ಇರುತ್ತೆ. ಬೀಗದ ಕೈ ಅರ್ಧ ಆ ಟ್ಯಾಬಿನ ಚಿಪ್ಪಿನಲ್ಲೇ, ಇನ್ನರ್ಧ ನಾವು ಹಾಕುವ ಪಿನ್ ನಂಬರಿನಲ್ಲಿ. ಹಾಗಾಗಿ ನೆನಪಿನ ಚಿಪ್ಪು ಕಿತ್ತು ಬೇರೆ ಕಡೆ ಹಾಕಿ ಫೋಟೋ ತೆಗೀತೀವಿ ಅಂದರೆ ಆಗೋದಿಲ್ಲ. ಅದೇ ಟ್ಯಾಬು ಎದ್ದು ನಿಂತು, ನಾವು ಪಿನ್ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತೆ. ಮನೆ ಮತ್ತೆ ಕಟ್ಟದೆ ಬೇರೆ ದಾರಿ ಇಲ್ಲ ಅನ್ನೋದು ಇದಕ್ಕೇ.

ಹೊಡೆಯುವ ಮೊದಲು

ನಮ್ಮದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ7, 2020ರಲ್ಲಿ ಬಂದ ಮಾದರಿ. ಇದರಲ್ಲೇ ಎರಡು ಇದೆ. ವೈಫೈ ಮಾತ್ರ ಇರೋದು ಎಸ್‌ಎಂ-ಟಿ500, ಸಿಮ್ ಹಾಕೋದು ಎಸ್‌ಎಂ-ಟಿ505. ನೋಡೋಕೆ ಅಣ್ಣತಮ್ಮಂದಿರಂತೆ ಒಂದೇ ಥರ. ಆದರೆ ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಆಗೋದಿಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮಾದರಿ ಸಂಖ್ಯೆ ಇರುತ್ತೆ. ಭೂತಗನ್ನಡಿ ಹಿಡಿದಾದರೂ ಓದಿ. "ಹೆಚ್ಚು ಕಮ್ಮಿ ಇದೇ ಇರಬೇಕು" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಕಂಪ್ಯೂಟರಿಗೆ ಹೋಗುವ ಮೊದಲು ಎರಡು ಸಣ್ಣ ಮದ್ದು ಮಾಡಿ ನೋಡಬೇಕು. ಪವರ್ ಬಟನ್ನು ಮತ್ತು ಸದ್ದು ತಗ್ಗಿಸುವ ಬಟನ್ನು ಎರಡನ್ನೂ ಒಟ್ಟಿಗೆ ಹತ್ತು ಸೆಕೆಂಡು ಒತ್ತಿ ಹಿಡಿದರೆ ಟ್ಯಾಬು ಬಲವಂತವಾಗಿ ಆರಿ ಮತ್ತೆ ಹೊತ್ತುತ್ತೆ. ಕೆಲವು ಸಲ ಅಷ್ಟಕ್ಕೇ ಸರಿಹೋಗುತ್ತೆ. ಇಲ್ಲವಾದರೆ ರಿಕವರಿ ಅನ್ನೋ ಕೋಣೆಗೆ ಹೋಗಬೇಕು. ಟ್ಯಾಬು ಆರಿಸಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಸದ್ದು ಏರಿಸುವ ಬಟನ್ನು ಮತ್ತು ಪವರ್ ಬಟನ್ನು ಹಿಡಿಯಬೇಕು. ಆಂಡ್ರಾಯ್ಡ್ 11 ಬಂದಮೇಲೆ ಸ್ಯಾಮ್‌ಸಂಗಿನಲ್ಲಿ ಕೇಬಲ್ಲು ಕಂಪ್ಯೂಟರಿಗೆ ಸಿಕ್ಕಿಸದೆ ಈ ಕೋಣೆ ತೆರೆಯೋದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಬಟನ್ನು ಒತ್ತಿ ಒತ್ತಿ ಬೇಸತ್ತು ಬಿಟ್ಟುಬಿಡುತ್ತಾರೆ.

ರಿಕವರಿಯಲ್ಲಿ ಕಪ್ಪು ಪರದೆ ಮೇಲೆ ಒಂದಷ್ಟು ಇಂಗ್ಲಿಷ್ ಸಾಲು ಬರುತ್ತೆ. ಸದ್ದಿನ ಬಟನ್ನಿನಿಂದ ಮೇಲೆ ಕೆಳಗೆ ಹೋಗೋದು, ಪವರ್ ಬಟನ್ನಿನಿಂದ ಒಪ್ಪೋದು. ಅದರಲ್ಲಿ "ವೈಪ್ ಕ್ಯಾಶ್ ಪಾರ್ಟಿಷನ್" ಅಂತ ಇರೋದನ್ನು ಧೈರ್ಯವಾಗಿ ಒತ್ತಬಹುದು. ಅದು ಅಂಗಳದ ಕಸ ಗುಡಿಸಿದ ಹಾಗೆ. ಅದರ ಪಕ್ಕದಲ್ಲೇ "ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್" ಅಂತ ಇರುತ್ತೆ. ಅದೇ ಹಗೇವಿಗೆ ಹಾಕುವ ಗುದ್ದಲಿ. ಎರಡೂ ಒಂದರ ಹತ್ತಿರ ಒಂದು ಇರೋದರಿಂದ ಕೈ ಜಾರದ ಹಾಗೆ ನೋಡಿಕೊಳ್ಳಬೇಕು. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ. ಇಂಥ ಕೆಲಸದಲ್ಲಿ ನಿಧಾನವಾಗಿ ಓದುವವನೇ ಒಳ್ಳೆಯವನು ಅಂತ ನನಗೆ ಅನಿಸಿದೆ. ನನ್ನ ತಮ್ಮನ ಮಗ ಡಿಪ್ಲೊಮಾ ಓದಿದವನು, ಅವನ ಬೆರಳಿಗೆ ಅವಸರ. ಒಂದೊಂದು ಸಾಲನ್ನೂ ನಾನು ಓದಿ ಹೇಳುವ ತನಕ ಒತ್ತಬೇಡ ಅಂತ ಮೊದಲೇ ಹೇಳಿದ್ದೆ.

ಕಸ ಗುಡಿಸಿದ್ದರಿಂದ ನಮಗೆ ಪ್ರಯೋಜನ ಆಗಲಿಲ್ಲ. ಆದರೆ ರಿಕವರಿಯ ತಲೆಯ ಮೇಲೆ ಬರೆದಿರುವ ಸಾಲೊಂದು ಮುಂದೆ ಉಪಯೋಗಕ್ಕೆ ಬಂತು. ಅಲ್ಲಿ ಈಗಿರುವ ಫರ್ಮ್‌ವೇರಿನ ಗುರುತು ಇರುತ್ತೆ. ಟಿ505 ಅಂತ ಶುರುವಾಗಿ ಉದ್ದಕ್ಕೆ ಹೋಗಿ, ಕೊನೆಗೆ "3ಸಿವಿಜಿ2" ಅನ್ನೋ ಥರದ ಐದು ಅಕ್ಷರದಲ್ಲಿ ಮುಗಿಯುತ್ತೆ. ಬೀಜದ ಚೀಲದ ಮೇಲಿನ ಲಾಟ್ ನಂಬರಿನಂತೆ ಇದಕ್ಕೂ ಅರ್ಥ ಇದೆ. ಕೊನೆಯಿಂದ ಎರಡನೆಯ ಅಕ್ಷರ ತಿಂಗಳು. ಎ ಅಂದರೆ ಜನವರಿ, ಜಿ ಅಂದರೆ ಜುಲೈ. ಮೂರನೆಯದು ವರ್ಷ. ಯು ಅಂದರೆ 2021, ವಿ ಅಂದರೆ 2022, ಡಬ್ಲ್ಯೂ ಅಂದರೆ 2023. ನಾಲ್ಕನೆಯದು ಆಂಡ್ರಾಯ್ಡಿನ ದೊಡ್ಡ ಬದಲಾವಣೆಯ ಗುರುತು. ಕೊನೆಯಿಂದ ಐದನೆಯದು ತಲೆಬಾಗಿಲಿನ ಅಂಕಿ.

ಈ ಐದನೆಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅದು ಏರುತ್ತದೆಯೇ ಹೊರತು ಇಳಿಯೋದಿಲ್ಲ. 3 ಇರುವ ಟ್ಯಾಬಿಗೆ 3 ಅಥವಾ 4 ಇರುವ ಫರ್ಮ್‌ವೇರ್ ಹಾಕಬಹುದು, 2 ಇರುವುದನ್ನು ಹಾಕಿದರೆ ಬಾಗಿಲಲ್ಲೇ ತಡೆಯುತ್ತೆ. ಹಳೆಯ ಫರ್ಮ್‌ವೇರಿನಲ್ಲಿ ಕಳ್ಳರು ನುಗ್ಗುವ ಸಂದಿ ಇರುತ್ತೆ ಅಂತ ಕಂಪನಿಯವರು ಹೀಗೆ ಮಾಡಿದ್ದಾರೆ. ಅಂಕಿ ಒಂದೇ ಇದ್ದರೂ ವರ್ಷ ಹಿಂದಿನದನ್ನು ಹಾಕಬಾರದು. ಹೊಸ ಆಂಡ್ರಾಯ್ಡ್ ಬರೆದ ಲೆಕ್ಕವನ್ನು ಹಳೆಯ ಆಂಡ್ರಾಯ್ಡ್ ಓದಲಾರದೆ ಮತ್ತೆ ಅಲ್ಲೇ ನಿಲ್ಲುವ ಸಂಭವ ಇದೆ. ಅದೇ ತಾರೀಖಿನದು ಅಥವಾ ಅದಕ್ಕಿಂತ ಹೊಸದು, ಇದಿಷ್ಟೇ ನಿಯಮ. ರಿಕವರಿಯೂ ತೆರೆಯದವರು ಮುಂದೆ ಹೇಳುವ ಡೌನ್‌ಲೋಡ್ ಪರದೆಯ ಮೂಲೆಯಲ್ಲಿ "ಬಿ" ಅಕ್ಷರದ ಮುಂದೆ ಈ ಅಂಕಿಯನ್ನು ಹುಡುಕಬಹುದು.

ಬೇಕಾದ ಸಾಮಾನು

ಹೊಡೆಯುವ ಪ್ರೋಗ್ರಾಮಿನ ಹೆಸರು ಓಡಿನ್. ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತೆ. ಇದು ಕಂಪನಿಯ ಒಳಗಿನವರ ಉಪಯೋಗಕ್ಕೆ ಇದ್ದದ್ದು, ಸಾರ್ವಜನಿಕರಿಗೆ ಅಂತ ಬಿಟ್ಟದ್ದಲ್ಲ. ಹೇಗೋ ಹೊರಬಂದು ಎಲ್ಲರ ಕೈಗೂ ಸಿಕ್ಕಿದೆ. ಹಾಗಾಗಿ ಕಂಡಕಂಡಲ್ಲಿ ಇಳಿಸಿಕೊಂಡರೆ ಅದರ ಜೊತೆ ವೈರಸ್ಸೂ ಬರಬಹುದು, ಪರೀಕ್ಷೆ ಮಾಡಿಯೇ ತೆರೆಯಬೇಕು. ನಾವು ಬಳಸಿದ್ದು 3.14ನೆಯದು. ಲಿನಕ್ಸ್ ಇರುವವರಿಗೆ ಹೈಮ್‌ಡಾಲ್ ಅನ್ನೋದೊಂದಿದೆ. ಓಡಿನ್, ಹೈಮ್‌ಡಾಲ್ ಎರಡೂ ಯೂರೋಪಿನ ಬಡಗಣ ಸೀಮೆಯ ಹಳೆಯ ದೇವರ ಹೆಸರಂತೆ. ಹೈಮ್‌ಡಾಲ್ ಅಂದರೆ ದೇವಲೋಕದ ಕಾವಲುಗಾರ ಅಂತೆ.

ಎರಡನೆಯದು ಸ್ಯಾಮ್‌ಸಂಗ್ ಯುಎಸ್‌ಬಿ ಡ್ರೈವರ್. ಇದನ್ನು ಕಂಪನಿಯೇ ಕೊಡುತ್ತೆ. ಇದಿಲ್ಲದೆ ಕಂಪ್ಯೂಟರಿಗೆ ಟ್ಯಾಬಿನ ಭಾಷೆ ತಿಳಿಯೋದಿಲ್ಲ. ಮೂರನೆಯದು ಫರ್ಮ್‌ವೇರು. ಸ್ಯಾಮ್‌ಮೊಬೈಲ್ ಮುಂತಾದ ತಾಣಗಳಲ್ಲಿ ಮಾದರಿ ಸಂಖ್ಯೆ ಹಾಕಿ ಹುಡುಕಿದರೆ ದೇಶವಾರು ಪಟ್ಟಿ ಬರುತ್ತೆ. ಇಂಡಿಯಾದ ಗುರುತು ಐಎನ್‌ಎಸ್. ಪುಕ್ಕಟೆ ಇಳಿಸಿಕೊಳ್ಳುವವರಿಗೆ ನೀರು ತೊಟ್ಟಿಕ್ಕಿದ ಹಾಗೆ ಬರುತ್ತೆ. ನಮ್ಮದು ಮೂರು ಜಿಬಿಗೂ ಮೇಲಿತ್ತು. ಊರಿನ ನೆಟ್ಟಿನಲ್ಲಿ ಆಗದೆ ನನ್ನ ತಮ್ಮನ ಮಗ ಪೇಟೆಯಲ್ಲಿ ಗೆಳೆಯನ ರೂಮಿನಲ್ಲಿ ಒಂದು ರಾತ್ರಿ ಹಚ್ಚಿಟ್ಟು ಪೆನ್‌ಡ್ರೈವಿನಲ್ಲಿ ತಂದ. ಗಂಟನ್ನು ಗಂಟಾಗಿಯೇ ತಂದು ಕಂಪ್ಯೂಟರಿನಲ್ಲಿ ಬಿಚ್ಚಬೇಕು. ಬಿಚ್ಚಿದ ಮೇಲೆ ಒಂದೇ ಫೈಲು ನಾಲ್ಕು ಜಿಬಿ ದಾಟಬಹುದು. ಸಾಮಾನ್ಯ ಪೆನ್‌ಡ್ರೈವುಗಳು ಫ್ಯಾಟ್32 ಅನ್ನೋ ಕ್ರಮದಲ್ಲಿ ಇರೋದರಿಂದ ನಾಲ್ಕು ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಸೋದಿಲ್ಲ.

ಕೇಬಲ್ಲಿನ ಬಗ್ಗೆ ಎರಡು ಮಾತು. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ ಇರುತ್ತೆ. ಎರಡು ಕರೆಂಟಿಗೆ, ಎರಡು ಮಾತಿಗೆ. ಸಂತೆಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಕೆಲವಕ್ಕೆ ಕರೆಂಟಿನ ಎರಡು ತಂತಿ ಮಾತ್ರ. ಚಾರ್ಜು ಆಗುತ್ತೆ, ಮಾತು ಹೋಗೋದಿಲ್ಲ. ಅಂಥ ಕೇಬಲ್ಲು ಹಿಡಿದು ಟ್ಯಾಬೇ ಸತ್ತಿದೆ ಅಂತ ತೀರ್ಮಾನಿಸಬಾರದು.

ಕಂಪ್ಯೂಟರು ಲ್ಯಾಪ್‌ಟಾಪ್ ಆದರೆ ಒಳ್ಳೆಯದು. ನಮ್ಮೂರಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಮೇಜಿನ ಕಂಪ್ಯೂಟರು ನಡುವೆ ಆರಿದರೆ ಮತ್ತೆ ಅರ್ಧ ಬರಹ. ಟ್ಯಾಬಿನ ಬ್ಯಾಟರಿಯೂ ಅರ್ಧಕ್ಕಿಂತ ಮೇಲೆ ತುಂಬಿರಬೇಕು. ನಮ್ಮದನ್ನು ಆರಿಸಿ ಚಾರ್ಜಿಗೆ ಹಾಕಿ, ನೂರು ಅಂತ ತೋರಿಸಿದ ಮೇಲೂ ಒಂದು ತಾಸು ಬಿಟ್ಟಿದ್ದೆವು.

ಆ ಒಂದು ಫೈಲು

ಗಂಟು ಬಿಚ್ಚಿದಾಗ ಐದು ಫೈಲು ಬರುತ್ತೆ. ಹೆಸರಿನ ಮೊದಲಲ್ಲಿ ಬಿಎಲ್, ಎಪಿ, ಸಿಪಿ, ಸಿಎಸ್‌ಸಿ, ಹೋಮ್ ಸಿಎಸ್‌ಸಿ ಅಂತ ಇರುತ್ತೆ. ಮೇಲೆ ಹೇಳಿದ ಮನೆಯ ಲೆಕ್ಕದಲ್ಲಿ ಬಿಎಲ್ ತಲೆಬಾಗಿಲು, ಎಪಿ ನಡುಮನೆ, ಸಿಪಿ ಟವರಿನ ಮಾತು. ಸಿಮ್ ಇಲ್ಲದ ಮಾದರಿಗೆ ಸಿಪಿ ಇರೋದಿಲ್ಲ, ಗಾಬರಿ ಬೇಡ. ಓಡಿನ್ ಪರದೆಯಲ್ಲಿ ಈ ಹೆಸರಿನವೇ ನಾಲ್ಕು ಬಟನ್ನು ಇರುತ್ತೆ. ಆಯಾ ಬಟನ್ನಿಗೆ ಆಯಾ ಫೈಲು ಕೊಡಬೇಕು.

ಸಿಎಸ್‌ಸಿ ಬಟನ್ನಿಗೆ ಮಾತ್ರ ಎರಡು ಫೈಲು ಕಾದು ನಿಂತಿರುತ್ತೆ. ಬರೀ ಸಿಎಸ್‌ಸಿ ಕೊಟ್ಟರೆ ಸೀಮೆಯ ಪದ್ಧತಿ ಹಾಕುವುದರ ಜೊತೆಗೆ ಹಗೇವನ್ನೂ ಬಗೆದು ಖಾಲಿ ಮಾಡುತ್ತೆ. ಹೋಮ್ ಸಿಎಸ್‌ಸಿ ಕೊಟ್ಟರೆ ಪದ್ಧತಿ ಹಾಕಿ, ಹಗೇವನ್ನು ಮುಟ್ಟದೆ ಬಿಡುತ್ತೆ. ಎರಡೂ ಒಂದೇ ಬಟನ್ನಿಗೆ ಹೊಂದುತ್ತೆ, ಎರಡನ್ನೂ ಓಡಿನ್ ಎದುರು ಮಾತಿಲ್ಲದೆ ತೆಗೆದುಕೊಳ್ಳುತ್ತೆ. "ನಿಮ್ಮ ಫೋಟೋ ಹೋಗುತ್ತೆ, ಪರವಾಗಿಲ್ಲವೇ" ಅಂತ ಕೇಳೋದಿಲ್ಲ. ಅಂಗಡಿಯವರು ಸಾಮಾನ್ಯವಾಗಿ ಬರೀ ಸಿಎಸ್‌ಸಿ ಕೊಡುತ್ತಾರೆ. ಹಳೆಯದೆಲ್ಲ ಹೋದರೆ ಯಂತ್ರ ಎದ್ದೇ ಏಳುತ್ತೆ ಅನ್ನೋ ಭರವಸೆ ಜಾಸ್ತಿ, ಗಿರಾಕಿ ಮತ್ತೆ ಬಂದು ತಕರಾರು ಮಾಡೋದಿಲ್ಲ. ಅವರ ವ್ಯಾಪಾರಕ್ಕೆ ಅದು ಸರಿ ಇರಬಹುದು. ಮೊದಲು ಹೋಮ್ ಸಿಎಸ್‌ಸಿ ಹಾಕಿ ನೋಡಿ, ಆಗದಿದ್ದರೆ ಮಾತ್ರ ಇನ್ನೊಂದು, ಅಂತ ಗಿರಾಕಿಯೇ ಬಾಯಿಬಿಟ್ಟು ಕೇಳಬೇಕು. ಹೋಮ್ ಸಿಎಸ್‌ಸಿಯಿಂದ ನೂರಕ್ಕೆ ನೂರು ಉಳಿದೇ ಉಳಿಯುತ್ತೆ ಅಂತ ನಾನು ಹೇಳೋದಿಲ್ಲ. ಅಪ್‌ಡೇಟು ಮುರಿದಾಗ ಹಗೇವಿನ ಬಾಯಿಯೇ ಕುಸಿದಿದ್ದರೆ ಯಾರೂ ಏನೂ ಮಾಡಲಾರರು. ಆದರೆ ಅದನ್ನು ಮೊದಲು ಹಾಕಿ ನೋಡುವುದರಿಂದ ಕಳೆದುಕೊಳ್ಳೋದು ಏನೂ ಇಲ್ಲ.

ಬರೀ ಸಿಎಸ್‌ಸಿಯೇ ಹಾಕಬೇಕಾಗಿ ಬಂದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಎದ್ದ ಮೇಲೆ ಅದು ಹಿಂದೆ ಇದ್ದ ಗೂಗಲ್ ಖಾತೆಯ ಹೆಸರು, ಪಾಸ್‌ವರ್ಡು ಕೇಳುತ್ತೆ. ಕದ್ದ ಮಾಲು ಮಾರಾಟ ಆಗಬಾರದು ಅಂತ ಮಾಡಿದ ಕಾವಲು ಅದು. ಗೊತ್ತಿಲ್ಲದಿದ್ದರೆ ಎದ್ದ ಟ್ಯಾಬೂ ಬಾಗಿಲಲ್ಲೇ ನಿಲ್ಲುತ್ತೆ.

ಹೊಡೆದ ದಿನ

ಟ್ಯಾಬನ್ನು ಡೌನ್‌ಲೋಡ್ ಸ್ಥಿತಿಗೆ ತರಬೇಕು. ಕೇಬಲ್ಲಿನ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಟ್ಯಾಬಿಗೆ. ಪವರ್ ಮತ್ತು ಸದ್ದು ತಗ್ಗಿಸುವ ಬಟನ್ನು ಹಿಡಿದು ಪರದೆ ಕಪ್ಪಾದ ಕೂಡಲೇ, ಪವರ್ ಬಿಟ್ಟು ಸದ್ದಿನ ಎರಡೂ ಬಟನ್ನು ಒಟ್ಟಿಗೆ ಹಿಡಿಯಬೇಕು. ಮೊದಲ ಎರಡು ಸಲ ತಪ್ಪಿ ಹೋಗುತ್ತೆ, ಮೂರನೆಯ ಸಲ ಕೈಗೆ ಹೊಂದುತ್ತೆ. ಎಚ್ಚರಿಕೆಯ ಪರದೆಯೊಂದು ಬರುತ್ತೆ. ಆಗ ಸದ್ದು ಏರಿಸುವ ಬಟನ್ನನ್ನು ಒಂದು ಸಲ ಮೆಲ್ಲಗೆ ಒತ್ತಿ ಬಿಡಬೇಕು. ಉದ್ದಕ್ಕೆ ಒತ್ತಿ ಹಿಡಿಯಬಾರದು. ಕೆಲವು ಟ್ಯಾಬಿನಲ್ಲಿ ಉದ್ದಕ್ಕೆ ಒತ್ತಿದರೆ ತಲೆಬಾಗಿಲಿನ ಬೀಗ ತೆಗೆಯುವ ಪರದೆಗೆ ಹೋಗುತ್ತೆ. ಅಲ್ಲಿ ಒಪ್ಪಿಗೆ ಕೊಟ್ಟರೆ ಹಗೇವು ಖಾಲಿ. ಕಂಪನಿಯ ಸಹಿ ಇರುವ ಫರ್ಮ್‌ವೇರ್ ಹಾಕೋದಕ್ಕೆ ಬೀಗ ತೆಗೆಯುವ ಅಗತ್ಯವೇ ಇಲ್ಲ.

ಇಷ್ಟಾದರೆ ಓಡಿನ್ ಪರದೆಯಲ್ಲಿ ಎಡಗಡೆ ಒಂದು ಚೌಕ ನೀಲಿಯಾಗಿ "ಕಾಮ್" ಅಂತ ಅಂಕಿ ಸಮೇತ ಬರುತ್ತೆ, ಕೆಳಗೆ "ಆ್ಯಡೆಡ್" ಅಂತ ಬರೆಯುತ್ತೆ. ಅಂದರೆ ಒಬ್ಬರಿಗೊಬ್ಬರು ಗುರುತಾಯಿತು. ಆಮೇಲೆ ಫೈಲು ಕೊಡೋದು. ಎಪಿ ಫೈಲು ಕೊಟ್ಟಾಗ ಐದು ನಿಮಿಷ ಓಡಿನ್ ಕಲ್ಲಿನ ಹಾಗೆ ಕೂತಿತ್ತು. "ದೊಡ್ಡಪ್ಪ, ಹ್ಯಾಂಗ್ ಆಯ್ತು, ಮುಚ್ಚಿ ತೆಗೀತೀನಿ" ಅಂದ ಹುಡುಗ. ಮುಚ್ಚಬೇಡ ಅಂದೆ. ಫೈಲು ದಾರಿಯಲ್ಲಿ ಕೆಟ್ಟಿಲ್ಲವೇ ಅಂತ ಅದು ಒಂದೊಂದು ಕಾಳೂ ಎಣಿಸಿ ನೋಡುತ್ತಿರುತ್ತೆ. ಎಣಿಕೆ ತಾಳೆಯಾದ ಮೇಲೆ ಹೆಸರು ತೋರಿಸುತ್ತೆ. ಆಪ್ಷನ್ಸ್ ಅನ್ನುವಲ್ಲಿ "ಆಟೋ ರೀಬೂಟ್" ಮತ್ತು "ಎಫ್ ರೀಸೆಟ್ ಟೈಮ್" ಎರಡಕ್ಕೆ ಮೊದಲೇ ಗುರುತು ಹಾಕಿರುತ್ತೆ, ಹಾಗೇ ಇರಲಿ. "ರೀ-ಪಾರ್ಟಿಷನ್", "ನ್ಯಾಂಡ್ ಎರೇಸ್" ಇವಕ್ಕೆ ಗುರುತು ಹಾಕಲೇಬಾರದು. ಅವು ಮನೆಯ ಅಂಕಣವನ್ನೇ ಕೆಡವುವ ಕೆಲಸ.

ನಾನು ಇನ್ನೊಮ್ಮೆ ನಾಲ್ಕೂ ಹೆಸರು ಅಕ್ಷರ ಅಕ್ಷರ ಓದಿದೆ. ಸಿಎಸ್‌ಸಿ ಬಟನ್ನಿನ ಎದುರು ಹೋಮ್ ಅಂತ ಇರೋದನ್ನು ಎರಡು ಸಲ ಓದಿದೆ. ಸ್ಟಾರ್ಟ್ ಒತ್ತಿಸಿದೆ.

"ಸೆಟಪ್ ಕನೆಕ್ಷನ್" ಅನ್ನೋ ಸಾಲು ಬಂದು ಅಲ್ಲೇ ನಿಂತಿತು. ಐದು ನಿಮಿಷ ಕಾದರೂ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಕೆಂಪಗೆ "ಫೇಲ್" ಅಂತ ಬಂತು. ಇಲ್ಲಿ ಹೆದರಬೇಕಾಗಿಲ್ಲ. ಇನ್ನೂ ಬರೆಯೋದೇ ಶುರುವಾಗಿಲ್ಲ, ಬರೀ ಮಾತು ಕೂಡಿಲ್ಲ ಅಷ್ಟೇ. ಟ್ಯಾಬನ್ನು ಮತ್ತೆ ಆರಿಸಿ ಡೌನ್‌ಲೋಡ್ ಸ್ಥಿತಿಗೆ ತಂದೆವು, ಕೇಬಲ್ಲು ಬದಲಿಸಿದೆವು, ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿನ ತೂತಿಗೆ ಸಿಕ್ಕಿಸಿದೆವು. ಈ ಸಲ "ನ್ಯಾಂಡ್ ರೈಟ್ ಸ್ಟಾರ್ಟ್" ಅಂತ ಬಂದು ಪಟ್ಟಿ ತುಂಬತೊಡಗಿತು. ಇಲ್ಲಿಂದ ಮುಂದೆ ಯಾರೂ ಕೇಬಲ್ಲು ಮುಟ್ಟಬಾರದು. ಮನೆಯ ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆವು. ಸುಮಾರು ಎಂಟು ನಿಮಿಷದಲ್ಲಿ ಹಸಿರು ಬಣ್ಣದಲ್ಲಿ "ಪಾಸ್" ಅಂತ ಬಂತು. ಟ್ಯಾಬು ತಾನಾಗಿ ಆರಿ ಹೊತ್ತಿಕೊಂಡಿತು.

ಮೊದಲ ಸಲ ಏಳೋದು ಬಹಳ ನಿಧಾನ. ಕಂಪನಿ ಹೆಸರಿನಲ್ಲೇ ಕಾಲು ಗಂಟೆ ನಿಂತಿತ್ತು. ಇದೂ ಮತ್ತೆ ಅದೇ ಕಥೆ ಅಂತ ನಡುವೆ ಆರಿಸುವವರು ಉಂಟು, ಆರಿಸಬೇಡಿ. ಕೊನೆಗೆ ಪಿನ್ ಕೇಳುವ ಪರದೆ ಬಂತು. ಹಗೇವು ಉಳಿದಿದೆ ಅನ್ನೋದಕ್ಕೆ ಅದೇ ಗುರುತು. ಖಾಲಿಯಾಗಿದ್ದರೆ ಹೊಸ ಟ್ಯಾಬಿನ ಹಾಗೆ ಭಾಷೆ ಯಾವುದು ಅಂತ ಕೇಳುತ್ತಿತ್ತು. ತಮ್ಮನ ಮಗಳು ಪಿನ್ ಹಾಕಿ ಫೋಟೋ ತೆರೆದಳು. ಗೆದ್ದಲು ತಿಂದ ಪುಸ್ತಕದ ಪುಟಗಳು ಒಂದೂ ಬಿಡದೆ ಇದ್ದವು. ಅವಳು ಏನೂ ಮಾತಾಡದೆ ಮೊದಲು ಅವನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡಳು, ಆಮೇಲೆ ಲ್ಯಾಪ್‌ಟಾಪಿಗೆ ಹಾಕಿದಳು.

ಬೇರೆ ಕಂಪನಿಯ ಟ್ಯಾಬು ಇರುವವರಿಗೆ

ಓಡಿನ್ ಸ್ಯಾಮ್‌ಸಂಗಿಗೆ ಮಾತ್ರ. ಆದರೆ ಹಗೇವು ಮುಟ್ಟುವ ದಾರಿ, ಮುಟ್ಟದ ದಾರಿ ಅನ್ನೋದು ಎಲ್ಲ ಕಡೆಯೂ ಒಂದಲ್ಲ ಒಂದು ರೀತಿ ಇದ್ದೇ ಇದೆ. ಆಪಲ್ ಕಂಪನಿಯ ಐಪ್ಯಾಡನ್ನು ರಿಕವರಿ ಸ್ಥಿತಿಯಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದಾಗ "ಅಪ್‌ಡೇಟ್" ಮತ್ತು "ರೀಸ್ಟೋರ್" ಅಂತ ಎರಡು ಬಟನ್ನು ಬರುತ್ತೆ. ಅಪ್‌ಡೇಟ್ ಒತ್ತಿದರೆ ಫೋಟೋ ಉಳಿಸಿ ಮೂಲಪಾಠ ಮಾತ್ರ ಮತ್ತೆ ಬರೆಯಲು ನೋಡುತ್ತೆ, ರೀಸ್ಟೋರ್ ಒತ್ತಿದರೆ ಎಲ್ಲ ಅಳಿಸುತ್ತೆ. ಫರ್ಮ್‌ವೇರ್ ಇಳಿಯೋದು ಹದಿನೈದು ನಿಮಿಷ ಮೀರಿದರೆ ಐಪ್ಯಾಡು ಆ ಸ್ಥಿತಿಯಿಂದ ಹೊರಬಂದುಬಿಡುತ್ತೆ. ಹಳ್ಳಿಯ ನೆಟ್ಟಿನಲ್ಲಿ ಮೀರಿಯೇ ಮೀರುತ್ತೆ. ಇಳಿದು ಮುಗಿಯುವ ತನಕ ಬಿಟ್ಟು, ಮತ್ತೆ ರಿಕವರಿಗೆ ತಂದು ಅಪ್‌ಡೇಟ್ ಒತ್ತಬೇಕು.

ಅಗ್ಗದ ಟ್ಯಾಬುಗಳಲ್ಲಿ ಬಹಳಷ್ಟು ಮೀಡಿಯಾಟೆಕ್ ಚಿಪ್ಪಿನವು. ಅವಕ್ಕೆ ಎಸ್‌ಪಿ ಫ್ಲ್ಯಾಶ್ ಟೂಲ್ ಅಂತ ಇದೆ. ಅದರಲ್ಲಿ "ಡೌನ್‌ಲೋಡ್ ಓನ್ಲಿ" ಬಿಟ್ಟು "ಫಾರ್ಮ್ಯಾಟ್ ಆಲ್" ಅನ್ನೋದನ್ನು ಆರಿಸಿದರೆ ಫೋಟೋ ಹೋಗೋದು ಹಾಗಿರಲಿ, ಯಂತ್ರದ ಐಎಂಇಐ ನಂಬರೇ ಅಳಿಸಿ ಸಿಮ್ಮು ಕೆಲಸ ಮಾಡೋದಿಲ್ಲ. ಲೆನೊವೊದವರು ತಾವೇ ಒಂದು ಪ್ರೋಗ್ರಾಮು ಕೊಡುತ್ತಾರೆ. ಮೊದಲು ರೆಸ್ಕ್ಯೂ ಅಂಡ್ ಸ್ಮಾರ್ಟ್ ಅಸಿಸ್ಟೆಂಟ್ ಅಂತ ಇತ್ತು, ಆಮೇಲೆ ಸಾಫ್ಟ್‌ವೇರ್ ಫಿಕ್ಸ್ ಅಂತ ಆಯಿತು. ಮಾದರಿಗೆ ತಕ್ಕ ಫರ್ಮ್‌ವೇರನ್ನು ಅದೇ ಹುಡುಕಿ ಇಳಿಸಿಕೊಳ್ಳೋದರಿಂದ ಕೆಲಸ ಸುಲಭ. ಆದರೆ ಅದರ ರೆಸ್ಕ್ಯೂ ಒಳಗಿದ್ದದ್ದನ್ನು ಅಳಿಸುತ್ತೆ ಅಂತ ತಿಳಿದೇ ಒತ್ತಬೇಕು. 2016ರ ಆಂಡ್ರಾಯ್ಡ್ 7ರಿಂದ ಕೆಲವು ಯಂತ್ರಗಳಲ್ಲಿ ಮೂಲಪಾಠದ ಎರಡು ಪ್ರತಿ ಇಡುವ ಪದ್ಧತಿ ಬಂದಿದೆ. ಒಂದನ್ನು ಬರೆಯುವಾಗ ಉಸಿರು ನಿಂತರೂ ಇನ್ನೊಂದರಿಂದ ಏಳುತ್ತೆ. ಹೊಸದು ಕೊಳ್ಳುವವರು ಇದೊಂದನ್ನು ವಿಚಾರಿಸಿ ಕೊಂಡರೆ ಒಳ್ಳೆಯದು.

ಯಾವ ಕೇಬಲ್ಲು, ಯಾವ ಕಂಪ್ಯೂಟರು ಬದಲಿಸಿದರೂ ಬರೆಯುವ ನಡುವೆಯೇ ಪ್ರತಿ ಸಲ "ಫೇಲ್" ಬರುತ್ತಿದ್ದರೆ, ನೆನಪಿನ ಚಿಪ್ಪೇ ಸವೆದಿರಬಹುದು. ಅದಕ್ಕೆ ಫರ್ಮ್‌ವೇರಿನಿಂದ ಪರಿಹಾರ ಇಲ್ಲ.

ನಮಗೆ ಆದ ಖರ್ಚು: ಹೊಸ ಕೇಬಲ್ಲಿಗೆ ಇನ್ನೂರೈವತ್ತು, ಪೇಟೆಗೆ ಹೋಗಿ ಬಂದ ಬಸ್ಸಿಗೆ ನೂರಿಪ್ಪತ್ತು. ಆಮೇಲೆ ಬ್ಯಾಟರಿ ಬದಲಿಸಲು ಒಂದು ಸಾವಿರದ ನಾನೂರು ಆಯಿತು, ಅದು ಹೇಗೂ ಆಗಬೇಕಿತ್ತು. ಫರ್ಮ್‌ವೇರಿನ ಗಂಟು, ಓಡಿನ್, ಡ್ರೈವರು ಮೂರನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಮಾದರಿ ಸಂಖ್ಯೆ ಮತ್ತು ತಲೆಬಾಗಿಲಿನ ಅಂಕಿ ಬರೆದ ಚೀಟಿ ಕಟ್ಟಿ, ಬೀಜದ ಕೋಣೆಯ ಮಾಡದಲ್ಲಿ ಡಬ್ಬಿಯೊಳಗೆ ಇಟ್ಟಿದ್ದೇವೆ. ಈ ವರ್ಷದ ಬೀಜ ರೋಹಿಣಿ ಮಳೆಯ ಎರಡನೆಯ ಪಾದದಲ್ಲಿ ಹಂಚಿದೆವು.